ಮಸಿ ಮೆತ್ತಿದ ಆ ಮುಖ ಕೈದಿಯದಲ್ಲ

ಮುಖವೆಲ್ಲ ಕಪ್ಪಾದ ಒಬ್ಬರ ಫೋಟೊ ವಾಟ್ಸ್ಆಪ್‌ನಲ್ಲಿ ಓಡಾಡುತ್ತಿದೆ. 'ಚೀನಾದ ಜೈಲಿನಲ್ಲಿ ಹಚ್ಚೆ ಹಾಕಿ ಕೊಟ್ಟ ಶಿಕ್ಷೆ' ಎಂಬ ಒಕ್ಕಣೆ ಬೇರೆ. ಇದು ಸುಳ್ಳು. ಅದು ಜೈಲೂ ಅಲ್ಲ, ಹಚ್ಚೆಯೂ ಅಲ್ಲ.

ಅವರು ಕಲಾವಿದ ಜಾಂಗ್ ಹುವಾನ್. 1998ರಲ್ಲಿ ಚೀನಾ ಬಿಟ್ಟು ನ್ಯೂಯಾರ್ಕ್‌ಗೆ ಹೋದವರು. 2000ದಲ್ಲಿ ಅವರು ಮಾಡಿದ 'ವಂಶವೃಕ್ಷ' ಕೃತಿಯಲ್ಲಿ ಒಟ್ಟು 9 ಫೋಟೊಗಳಿವೆ. ಹರಿದಾಡುತ್ತಿರುವುದು ಕೊನೆಯದು ಮಾತ್ರ. ಅಂದವಾಗಿ ಅಕ್ಷರ ಬರೆಯುವ ಮೂವರು ಕೈಬರಹ ಕಲಾವಿದರು ಬೆಳಗಿನಿಂದ ರಾತ್ರಿವರೆಗೆ ಅವರ ಮುಖದ ಮೇಲೆ ಮಸಿಯಲ್ಲಿ ಬರೆದರು. ಹಣೆಯ ಮೇಲೆ ಬರೆದದ್ದು, ಬೆಟ್ಟ ಸರಿಸಲು ಹೊರಟ ಮುದುಕನ ಹಳೇ ಚೀನೀ ಕಥೆಯ ಮಾತು. ಬರೆದಷ್ಟೂ ಅಕ್ಷರ ಅಕ್ಷರದ ಮೇಲೆ ಕೂತು, ಕೊನೆಗೆ ಮುಖವೇ ಗುರುತು ಸಿಗದಂತಾಯಿತು. ಸಂಸ್ಕೃತಿ ಜಾಸ್ತಿಯಾಗಿ ಮನುಷ್ಯನನ್ನೇ ಮುಚ್ಚಿಬಿಡುತ್ತದೆ ಎಂಬ ಅರ್ಥದಲ್ಲಿ ಅವರೇ ಇದರ ಬಗ್ಗೆ ಬರೆದಿದ್ದಾರೆ. ಒಂಬತ್ತನ್ನೂ ಸಾಲಾಗಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ, ಅಲ್ವಾ?

ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಗ್ರೂಪಿಗೆ ಕಳಿಸಿದ್ದರೆ ಅಳಿಸಿ.