ವೋಟರ್ಸ್ ಅಂದ್ರೆ ಆರ್‌ಸಿಬಿ ಫ್ಯಾನ್ಸ್ ಅಲ್ಲ ಸ್ವಾಮಿ

"ಕರ್ನಾಟಕದ ವೋಟರ್ಸು ಆರ್‌ಸಿಬಿ ಫ್ಯಾನ್ಸ್ ಇದ್ದಂಗೆ, ಒಂದ್ಸಲ ಪಾರ್ಟಿ ಹಿಡ್ಕೊಂಡ್ರೆ ಸೋತ್ರೂ ಬಿಡಲ್ಲ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅರ್ಧ ಮಾತ್ರ ಸರಿ. ಫ್ಯಾನ್ಸು 2008ರಿಂದ 2025ರ ತನಕ ಕಪ್‌ಗೆ ಕಾದಿದ್ದು ನಿಜ, ಆದ್ರೆ ವೋಟರ್ಸ್ ಯಾವತ್ತು ಕಾದಿದ್ದಾರೆ? 1984ರ ಡಿಸೆಂಬರಲ್ಲಿ ಲೋಕಸಭೆಗೆ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ ಕೊಟ್ಟ ಇದೇ ಜನ, ಎರಡು-ಮೂರು ತಿಂಗಳಿಗೆ, 1985ರ ಮಾರ್ಚಲ್ಲಿ, ವಿಧಾನಸಭೆಗೆ ಆಗ ಸಿಎಂ ಆಗಿದ್ದ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟು ವಾಪಸ್ ಅಧಿಕಾರದಲ್ಲಿ ಕೂರಿಸಿದ್ರು. ಅದಾದ್ಮೇಲೆ ಇಲ್ಲಿ ಯಾವ ಆಡಳಿತ ಪಕ್ಷಕ್ಕೂ ಬಹುಮತ ಕೊಟ್ಟು ಎರಡನೇ ಚಾನ್ಸ್ ಕೊಟ್ಟಿಲ್ಲ. 2023ರಲ್ಲಿ ವಿಧಾನಸಭೆಲಿ ಕಾಂಗ್ರೆಸ್ಸಿಗೆ 135, ಮರುವರ್ಷ ಲೋಕಸಭೆಲಿ 28ರಲ್ಲಿ ಬಿಜೆಪಿಗೆ 17. ಜರ್ಸಿ ಹಾಕ್ಕೊಂಡಂಗೆ ಶಾಲು ಹಾಕ್ಕೊಂಡು ಕಿತ್ತಾಡೋ ಕಾರ್ಯಕರ್ತರು ಇದಾರೆ, ಇಲ್ಲ ಅನ್ನಲ್ಲ, ಆದ್ರೆ ಅವ್ರ ಲೀಡರ್‌ಗಳೇ 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಬಿಟ್ಟು ಬಿಜೆಪಿಗೆ ಹಾರಿದಾಗ ಡಿಸೆಂಬರ್ ಬೈಎಲೆಕ್ಷನ್ನಲ್ಲಿ 15ರಲ್ಲಿ 12 ಸೀಟು ಬಿಜೆಪಿಗೆ ಹೋಯ್ತು, ಗೆದ್ದೋರಲ್ಲಿ ಬಹುತೇಕ ಹಾರಿ ಬಂದೋರೇ.