ನಂದಿಬೆಟ್ಟದ ಬೇಸಿಗೆ ಮನೆ: ಒಳಗೋಡೆಯ ಚಿತ್ರಗಳನ್ನು ಮತ್ತೆ ಬರೆಸಬೇಕೆ?

ಪರ

ಚಿಕ್ಕಬಳ್ಳಾಪುರದ ಕಡೆಯವರಾದ ನಾವು ನಂದಿಬೆಟ್ಟವನ್ನು ಎಷ್ಟು ಸಲ ಹತ್ತಿದ್ದರೂ ಟಿಪ್ಪುವಿನ ಬೇಸಿಗೆ ಮನೆಯನ್ನು ಹೊರಗಿನಿಂದಲೇ ನೋಡಿ ಮರಳುತ್ತೇವೆ. ಒಳಗೋಡೆ, ಚಾವಣಿಗಳ ಚಿತ್ರಗಳು ನಮಗೆ ಬರೀ ಕೇಳಿದ ಸುದ್ದಿ. ಬೀಗ ಹಾಕಿದ ಮನೆ ಬೇಗ ಹಾಳಾಗುತ್ತದೆಂದು ಹಳ್ಳಿಯ ಯಾವ ತೊಟ್ಟಿಮನೆಯವರನ್ನು ಕೇಳಿದರೂ ಹೇಳುತ್ತಾರೆ. ಗಾಳಿಯಾಡದ ಕೋಣೆಯಲ್ಲಿ ತೇವ ನಿಲ್ಲುತ್ತದೆ, ತೇವ ನಿಂತಲ್ಲಿ ಬೂಷ್ಟು ಹಿಡಿಯುತ್ತದೆ, ತೊಲೆ ಜಂತೆಗಳಿಗೆ ಗೆದ್ದಲು ಹತ್ತುತ್ತದೆ. ಸುಮಾರು 1478 ಮೀಟರ್ ಎತ್ತರದ, ಮಂಜು ಮುಸುಕುವ ಬೆಟ್ಟದ ಮೇಲಂತೂ ಕೇಳಬೇಕಾಗಿಯೇ ಇಲ್ಲ. ಒಳಾಂಗಣವನ್ನು ಪೂರ್ತಿಯಾಗಿ ಸರಿಪಡಿಸಿ ಚಿತ್ರಗಳನ್ನು ಮತ್ತೆ ಬರೆಸಿದರೆ ಬಾಗಿಲು ತೆರೆಯಲು ಒಂದು ಕಾರಣ ಸಿಗುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಇಂದು ಶಾಲೆಯ ಮಕ್ಕಳು ನಿಂತು ನೋಡುತ್ತಿರುವುದು, ಮಾಸಿಹೋಗಿದ್ದ ಅದನ್ನು 19ನೇ ಶತಮಾನದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ್ದರಿಂದಲೇ.

ವಿರೋಧ

ನನ್ನನ್ನು ಹಿಂಜರಿಯುವಂತೆ ಮಾಡುವುದೂ ಅದೇ ಉದಾಹರಣೆ. ಅಲ್ಲಿ ನಾವು ನೋಡುವುದು ಟಿಪ್ಪುವಿನ ಕಾಲದ ಕುಂಚವನ್ನೋ, ಅವನನ್ನು ಸೋಲಿಸಿದವರು ಬರೆಸಿದ ನಕಲನ್ನೋ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಆಗಲಾದರೂ ಮೂಲಚಿತ್ರವನ್ನು ಕಣ್ಣಾರೆ ಕಂಡವರು ಬದುಕಿದ್ದಿರಬಹುದು. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ವಶವಾದ ಈ ಬೆಟ್ಟದ ಮನೆಯ ವಿಷಯದಲ್ಲಿ ಅಂಥವರನ್ನು ಎಲ್ಲಿಂದ ತರೋಣ? ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ಸ್ಮಾರಕಗಳ ಸಂರಕ್ಷಣೆಯ ಕುರಿತಾದ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದು ಹೇಳಿದ್ದು ಇಂಥ ಸಂದರ್ಭಕ್ಕಾಗಿಯೇ.

ಇನ್ನೊಂದು ಮಾತು, ಮತ್ತು ನನ್ನ ಮಟ್ಟಿಗೆ ಇದೇ ದೊಡ್ಡದು: ಚಿತ್ರ ಉದುರುವುದು ಬಣ್ಣ ಹಳತಾದ ಮಾತ್ರಕ್ಕಲ್ಲ, ಅದರ ಹಿಂದಿನ ಗಾರೆ ಸಡಿಲವಾಗುವುದರಿಂದ. ಸುಣ್ಣದ ಗಾರೆ ನೀರನ್ನು ಹೀರಿಕೊಂಡರೂ ಬಿಸಿಲು ಬಂದಾಗ ಹೊರಬಿಡುತ್ತದೆ; ಬಿರುಕು ಮುಚ್ಚಲೆಂದು ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರಿಗೆ ಹೊರದಾರಿಯಿಲ್ಲದೆ, ಅದರೊಡನೆ ಬಂದ ಉಪ್ಪು ಪಕ್ಕದ ಹಳೆಯ ಗಾರೆಯೊಳಗೆ ಹರಳುಗಟ್ಟಿ ಪದರವನ್ನೇ ಎಬ್ಬಿಸುತ್ತದೆ. ಚಾವಣಿಯ ಸೋರಿಕೆ ನಿಲ್ಲಿಸದೆ ಕುಂಚ ಹಿಡಿದರೆ ಹೊಸ ಚಿತ್ರವೂ ಕೆಲವು ಮಳೆಗಾಲಗಳಲ್ಲಿ ಹಳೆಯದರ ಹಾದಿ ಹಿಡಿಯುತ್ತದೆ. (ನಮ್ಮೂರುಗಳ ಗುಡಿಗಳಲ್ಲಿ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಬಳಿದವರೂ ಜೀರ್ಣೋದ್ಧಾರವೆಂದೇ ಕರೆದಿದ್ದರು.)

ಗಾಳಿಗಾಗಿ ಬಾಗಿಲು ತೆರೆಯಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ; ಅದಕ್ಕೆ ಚಿತ್ರ ಬರೆಸುವ ಅಗತ್ಯವಿಲ್ಲ. ಮೊದಲು ನೀರಿಗೆ ತಡೆಯಾಗಲಿ, ಸಡಿಲವಾದ ಅಂಚುಗಳನ್ನು ಸುಣ್ಣದಿಂದಲೇ ಹಿಡಿದು ನಿಲ್ಲಿಸಲಿ, ಬೋಳಾದ ಜಾಗಕ್ಕೆ ಬರಿಯ ಗಾರೆ ಸವರಿ ಹಾಗೆಯೇ ಬಿಡಲಿ.