ಬೋರ್ಡ್ ಹಾಕಿದರೆ ಹೊಣೆ ಮುಗಿಯುವುದಿಲ್ಲ

ಹೋಟೆಲ್, ಕಲ್ಯಾಣ ಮಂಟಪದಂಥ ಜಾಗಕ್ಕೆ ಬಂದವರು ಬಿದ್ದು ಪೆಟ್ಟು ಮಾಡಿಕೊಂಡರೆ ಹೊಣೆ ಯಾರದು ಎಂಬ ನಿಮ್ಮ ಲೇಖನದಲ್ಲಿ, ‘ಎಚ್ಚರಿಕೆ ಫಲಕ ಹಾಕಿದ್ದರೆ ಮಾಲೀಕರು ನಿರಾಳ’ ಎಂದು ಬರೆದಿದ್ದೀರಿ. ಇದನ್ನು ಒಪ್ಪಲು ಆಗುವುದಿಲ್ಲ. ಹೋಟೆಲ್ ಸಿಬ್ಬಂದಿಗೆ ಕೀ ಕೊಟ್ಟು ನಿಲ್ಲಿಸಿದ್ದ ಕಾರು ಕಳುವಾದ ಪ್ರಕರಣದಲ್ಲಿ, 2019ರಲ್ಲಿ, ‘ಓನರ್ಸ್ ರಿಸ್ಕ್’ (ಏನಾದರೂ ಆದರೆ ಕಾರಿನವರದೇ ಹೊಣೆ) ಎಂದು ಚೀಟಿಯಲ್ಲಿ ಮುದ್ರಿಸಿದ ಮಾತ್ರಕ್ಕೆ ಹೋಟೆಲ್ ತನ್ನ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾರಿಗೇ ಹೀಗೆ. ಹಾಗಿದ್ದರೆ ಮನುಷ್ಯರ ಕೈಕಾಲಿಗೆ ಇಷ್ಟೂ ಬೆಲೆ ಬೇಡವಾ?

ನಮ್ಮ ಚಿಕ್ಕಮ್ಮ ಒಂದು ಕಲ್ಯಾಣ ಮಂಟಪದಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋಗಿ ಜಾರಿ ಬಿದ್ದರು. ಅಲ್ಲಿ ನುಣುಪು ಟೈಲ್ಸ್, ಮೇಲೆ ಚೆಲ್ಲಿದ ಸಾರು, ನೀರು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಗೋಡೆ ಮೇಲೆ ಮಾತ್ರ ‘ಜಾರುತ್ತದೆ, ಎಚ್ಚರಿಕೆ’ ಎಂಬ ಬೋರ್ಡ್! ಜಾರುತ್ತದೆ ಎಂದು ಗೊತ್ತಿದ್ದೂ ನೆಲ ಒರೆಸದೆ ಬಿಟ್ಟಿದ್ದರು ಎಂಬುದಕ್ಕೆ ಆ ಬೋರ್ಡೇ ಸಾಕ್ಷಿ ಅಲ್ವಾ? ಸೊಂಟದ ಆಪರೇಷನ್ ಖರ್ಚನ್ನು ಮನೆಯವರೇ ಹಾಕಿದರು. ‘ಶುಭ ಕಾರ್ಯದಲ್ಲಿ ಜಗಳ ಯಾಕೆ’ ಎಂದು ಸುಮ್ನಾದರು.

ಇನ್ನೊಂದು ಮಾತು. ಜಾಗಕ್ಕೆ ಬಂದವರ ಸುರಕ್ಷತೆಗೆ ಜಾಗದವರು ಎಷ್ಟು ಹೊಣೆ ಎಂದು ಹೇಳಲೆಂದೇ ಇಂಗ್ಲೆಂಡಿನಲ್ಲಿ 1957ರ ಕಾಯ್ದೆ ಇದೆ, ನಮ್ಮಲ್ಲಿ ಹಾಗೆ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಂತ ದಾರಿಯೇ ಇಲ್ಲ ಅಂದುಕೊಳ್ಳಬೇಡಿ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರು. ಜಾಸ್ತಿ ಸೀಟು ಹಾಕಲು ಓಡಾಡುವ ದಾರಿಯನ್ನೇ ಮುಚ್ಚಿದ್ದರು. ಅಲ್ಲಿ ಕೋರ್ಟ್ ಪರಿಹಾರ ಕೊಡಿಸಿತು. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿ ಪೆಟ್ಟಾದರೆ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಬಿದ್ದ ಜಾಗದ ಫೋಟೊ, ಆಸ್ಪತ್ರೆ ಬಿಲ್ಲು ಎರಡನ್ನೂ ಅವತ್ತೇ ಎತ್ತಿಡಿ, ಮರುದಿನ ಹೋದರೆ ನೆಲ ಒಣಗಿರುತ್ತದೆ.